11 ಹಳೇ ಗಾಡಿ, 13 ಜನ, ಎರಡು ರಾತ್ರಿ ಟೆಂಟ್: ಲಿಂಗಸುಗೂರು ಕಡೆ ಕೆರೆಯಂಗಳದ ರೇಸಿಗೆ ಹೊರಟಿದ್ದೇವೆ, ತಯಾರಿ ಹೇಗಿರಬೇಕು?

ಕೆಎ34_ರೋಡ್‌ಕಿಂಗ್ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಫೆಬ್ರುವರಿ ಕೊನೆಯ ವಾರ ಲಿಂಗಸುಗೂರು ತಾಲೂಕಿನ ಒಂದು ಊರ ಹೊರಗೆ, ಬತ್ತಿದ ಕೆರೆಯ ಅಂಗಳದಲ್ಲಿ ಹಳೇ ಬೈಕುಗಳ ರೇಸ್ ಇದೆ. ಶನಿವಾರ ಪ್ರಾಕ್ಟೀಸ್, ಭಾನುವಾರ ಮಧ್ಯಾಹ್ನದವರೆಗೆ ರೇಸ್. ನಾವು ಶುಕ್ರವಾರ ಬಳ್ಳಾರಿ ಬಿಟ್ಟು ಸಿರುಗುಪ್ಪ, ಸಿಂಧನೂರು, ಮಸ್ಕಿ ಮೇಲೆ ಹೋಗಿ ಅಲ್ಲೇ ಟೆಂಟ್ ಹಾಕಿ, ಭಾನುವಾರ ಸಂಜೆ ವಾಪಸ್ ಹೊರಡೋ ಪ್ಲಾನು.

ಗಾಡಿಗಳು: ಯೆಜ್ಡಿ ರೋಡ್‌ಕಿಂಗ್ 2, ಯೆಜ್ಡಿ 250 ಒಂದು, 60ರ ದಶಕದ ಜಾವಾ ಒಂದು, ಆರ್‌ಎಕ್ಸ್ 100 ನಾಲ್ಕು, ಕಾಸ್ಟ್ ಐರನ್ ಬುಲೆಟ್ 2, ಸಾಮಾನು ಹೊರಲು ಹೊಸ ಹಿಮಾಲಯನ್ ಒಂದು. ಇದರಲ್ಲಿ ಎರಡು ಆರ್‌ಎಕ್ಸ್, ಒಂದು ರೋಡ್‌ಕಿಂಗ್ ರೇಸಿಗೂ ಇಳಿಯುತ್ತವೆ. ಟ್ರೇಲರ್ ಇಲ್ಲ. ಓಡಿಸಿಕೊಂಡು ಹೋಗಿ, ರೇಸ್ ಮಾಡಿ, ಅದೇ ಗಾಡಿಯಲ್ಲಿ ಮನೆಗೆ ಬರಬೇಕು.

ಗೊತ್ತಾಗಬೇಕಿರೋದು ಇಷ್ಟು. ಈಗಿನ ಎಥನಾಲ್ ಪೆಟ್ರೋಲಿಗೆ 2ಟಿ (ಟೂ-ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಎಷ್ಟು ಹಾಕಬೇಕು? ಎಲ್ಲರ ನಡುವೆ ಯಾವ ಸ್ಪೇರ್ ಒಯ್ಯಬೇಕು? ಕೆರೆಯಂಗಳದಲ್ಲೇ ಟೆಂಟ್ ಹಾಕಬಹುದಾ? ನೀರಿನ ಲೆಕ್ಕ ಏನು? ದಾರಿ, ಜಾಗ ಗೊತ್ತಿರೋ ಅಣ್ಣಂದಿರು ಬಿಡಿಸಿ ಹೇಳಿ.

ಪಾಯಿಂಟ್‌ಸೆಟ್_ಗಂಗಾವತಿ

ಮೊದಲು ಆಯಿಲ್ ಮಾತಾಡೋಣು. ನಿಮ್ಮ ನಾಲ್ಕು ಜಾವಾ-ಯೆಜ್ಡಿಗೆ ಪೆಟ್ರೋಲಿನ್ಯಾಗ ಆಯಿಲ್ ಕಲಸಬೇಕು. ಆರ್‌ಎಕ್ಸ್‌ಗೆ ಬ್ಯಾರೆ ಆಯಿಲ್ ಟ್ಯಾಂಕು, ಪಂಪು ಐತಿ. ಬುಲೆಟ್‌ಗೆ ಬರೇ ಪೆಟ್ರೋಲ್. ಹಿಂತಾ ಗುಂಪಿನ್ಯಾಗ ಆಗೋ ದೊಡ್ಡ ತಪ್ಪು ಅಂದ್ರ ಒಂದೇ ಕ್ಯಾನಿಂದ ಎಲ್ಲಾರಿಗೂ ಹಾಕೋದು. ಕಲಸಿದ್ದು ಬುಲೆಟ್‌ಗೆ ಹೋದ್ರ ಹೊಗಿ ಬರ್ತೈತಿ, ಅಷ್ಟ. ಆಯಿಲ್ ಕಲಸದ ಪೆಟ್ರೋಲ್ ಜಾವಾಕ್ಕ ಹೋದ್ರ ಪಿಸ್ಟನ್ ಹಿಡಕೊಳ್ತೈತಿ. ಕಲಸಿದ ಕ್ಯಾನಿಗೆ ಕೆಂಪು ಬಟ್ಟಿ ಕಟ್ರಿ. ಇನ್ನೊಂದು, ನಾಲ್ಕು ಆರ್‌ಎಕ್ಸ್ ಮಾಲಕರನ್ನೂ ಕೇಳ್ರಿ, ಯಾರರೆ ಪಂಪ್ ಬಿಚ್ಚಿಸಿ ಬಂದ್ ಮಾಡಿಸ್ಯಾರೇನು ಅಂತ. ಭಾಳ ಗಾಡಿಗೆ ಹಂಗ ಮಾಡಿರ್ತಾರ. ಅಂಥಾ ಗಾಡಿಗೂ ಕಲಸಿದ್ದೇ ಬೇಕು.

ಅಳತಿ: ರೋಡಿನ ಮ್ಯಾಲ 1:30, ಅಂದ್ರ ಲೀಟರಿಗೆ 33 ಮಿ.ಲೀ. 10 ಲೀಟರಿಗೆ 330. ರೇಸಿಗೆ ಇಳಿಯೋ ರೋಡ್‌ಕಿಂಗ್‌ಗೆ 1:25, ಲೀಟರಿಗೆ 40. ಔಷಧಿ ಅಂಗಡ್ಯಾಗ 50 ಮಿ.ಲೀ ಸಿರಿಂಜ್ ಸಿಗ್ತೈತಿ, ಅದರಿಂದ ಅಳೀರಿ, ಬಾಟ್ಲಿ ಮುಚ್ಚಳದ ಅಂದಾಜು ಬ್ಯಾಡ. ಆಯಿಲನ್ನ ಸೀದಾ ಟ್ಯಾಂಕಿಗೆ ಸುರದ್ರ ತಳಕ್ಕ ಇಳದು ಪೆಟ್ರೋಲ್ ಕಾಕಿನ ಬಾಯಾಗ ಕುಂಡ್ರತೈತಿ. ಮೊದಲ ಎರಡು ಕಿಲೋಮೀಟರ್ ಬರೇ ಆಯಿಲ್ ಕಾರ್ಬೊರೇಟರಿಗೆ ಹೋಗಿ ಪ್ಲಗ್ ಹಸಿ ಆಗ್ತೈತಿ, ಆಮ್ಯಾಲ ಬರೋ ಪೆಟ್ರೋಲಿನ್ಯಾಗ ಆಯಿಲೇ ಇರಂಗಿಲ್ಲ. ಕ್ಯಾನಿನ್ಯಾಗ ಕಲಸಿ, ಅಲುಗಾಡಿಸಿ, ಆಮ್ಯಾಲ ಹಾಕ್ರಿ.

ಬಿಸಿಲು ಐತಿ ಅಂತ ಇನ್ನೂ ಜಾಸ್ತಿ ಆಯಿಲ್ ಹಾಕ್ತಾರ. ಅದು ಉಲ್ಟಾ ಹೊಡೀತೈತಿ. ಕಾರ್ಬೊರೇಟರಿನ್ಯಾಗ ಪೆಟ್ರೋಲ್ ಬಿಡೋ ಜೆಟ್ಟಿನ ತೂತಿಂದ ಹೋಗೋ ಅಳತಿ ಅಷ್ಟ. ಅದರಾಗ ಆಯಿಲಿನ ಪಾಲು ಏರಿದ್ರ ಪೆಟ್ರೋಲ್ ಪಾಲು ಇಳೀತೈತಿ, ಎಂಜಿನ್ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಆಗಿ ಇನ್ನೂ ಕಾಯ್ತೈತಿ. ಎಥನಾಲ್ ಪೆಟ್ರೋಲೂ ಅದೇ ಕೆಲಸ ಮಾಡ್ತೈತಿ. ಎಥನಾಲಿನ್ಯಾಗ ಆಕ್ಸಿಜನ್ ಇರೋದ್ರಿಂದ ಹಳೇ ಜೆಟ್ಟಿಗೆ ಮಿಶ್ರಣ ತೆಳ್ಳಗಾಗ್ತೈತಿ. ಕಾರ್ಬೊರೇಟರ್ ಬಿಚ್ಚಿ ನೀಡಲ್ ಕ್ಲಿಪ್ಪನ್ನ ಒಂದು ಗೀರು ಕೆಳಗ ಇಳಸ್ರಿ. ಕ್ಲಿಪ್ ಇಳದ್ರ ನೀಡಲ್ ಮ್ಯಾಲ ಏರ್ತೈತಿ, ಪೆಟ್ರೋಲ್ ಜಾಸ್ತಿ ಬರ್ತೈತಿ. ಪೂರ್ತಿ ಎಕ್ಸಲೇಟರ್‌ನ್ಯಾಗ ನೀಡಲ್ ಆಟ ಇಲ್ಲ, ಅಲ್ಲಿ ಮೇನ್ ಜೆಟ್ಟೇ ಲೆಕ್ಕ. ಹಂಗಾಗಿ ರೇಸ್ ಗಾಡಿ ಮೂರಕ್ಕೂ ಒಂದು ನಂಬರ್ ದೊಡ್ಡ ಮೇನ್ ಜೆಟ್ ಜೇಬಿನ್ಯಾಗ ಇರಲಿ. ಪರೀಕ್ಷೆ ಹಿಂಗ ಮಾಡ್ರಿ: ಖಾಲಿ ರೋಡಿನ್ಯಾಗ ಪೂರ್ತಿ ಎಳದು, ಎಕ್ಸಲೇಟರ್ ಬಿಡದಂಗ ಕ್ಲಚ್ ಹಿಡದು ಅದೇ ಗಳಿಗಿಗೆ ಎಂಜಿನ್ ಬಂದ್ ಮಾಡಿ ಪ್ಲಗ್ ಬಿಚ್ಚಿ ನೋಡ್ರಿ. ಕಾಫಿಪುಡಿ ಬಣ್ಣ ಇದ್ರ ಛಲೋ, ಬೆಳ್ಳಗ ಇದ್ರ ಹಂಗ ಹೋಗಬ್ಯಾಡ್ರಿ.

ಹಳೇ ಪೆಟ್ರೋಲ್ ಪೈಪು, ಫ್ಲೋಟ್ ನೀಡಲಿನ ರಬ್ಬರ್ ತುದಿ, ಇವೆರಡೂ ಎಥನಾಲಿಗೆ ಉಬ್ಬಿ ಮೆತ್ತಗಾಗ್ತಾವು. ಹೊರಡೋ ಮೊದಲೇ ಬದಲಿ ಮಾಡ್ರಿ. ಗಾಡಿ ತಿಂಗಳುಗಟ್ಟಲೆ ನಿಂತಿದ್ರ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸಾದು ತುಂಬ್ರಿ. ಎಥನಾಲ್ ನೀರು ಎಳಕೊಂಡು ತಳದಾಗ ಬ್ಯಾರೆಯಾಗಿ ನಿಂತಿರ್ತೈತಿ, ಆ ನೀರಿನ್ಯಾಗ ನಿಮ್ಮ 2ಟಿ ಆಯಿಲ್ ಕರಗಂಗಿಲ್ಲ.

ಪಾಯಿಂಟ್ (ಸ್ಪಾರ್ಕ್ ಬರಾಕ ತೆರೆದು ಮುಚ್ಚೋ ಕಾಂಟ್ಯಾಕ್ಟ್) ಗ್ಯಾಪ್ 0.4 ಮಿ.ಮೀ, ಪ್ಲಗ್ 0.6. ಈ ಸಂದು ಅಳೆಯೋ ಫೀಲರ್ ಗೇಜ್ ಒಂದು ಒಯ್ರಿ. ಪಾಯಿಂಟ್ ಹೊಸಾದು ಹಾಕಿದ್ರ ಹೊರಡೋಕ್ಕಿಂತ 150 ಕಿ.ಮೀ ಮುಂಚೆ ಹಾಕಿ ಓಡಸ್ರಿ. ಫೈಬರ್ ಹೀಲ್ ಮೊದಲಿಗೆ ಜಲ್ದಿ ಸವೀತೈತಿ, ಗ್ಯಾಪ್ ಮುಚ್ಚತೈತಿ, ಟೈಮಿಂಗ್ ಹಿಂದ ಬೀಳ್ತೈತಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ಕ್ಕೇ ನಿಂತೈತಿ. ಈಗ ಸಿಗೋದು ಹೆಚ್ಚಿಗಿ ಯಾರೋ ನಕಲು ಮಾಡಿದ ಸಾಮಾನು, ಕೂಡ್ಸಿ ನೋಡದ ಸ್ಪೇರನ್ನ ಸ್ಪೇರ್ ಅಂತ ನಂಬಬ್ಯಾಡ್ರಿ.

ಪಾಯಿಂಟಿನ ಜೋಡಿ ಇರೋ ಕಂಡೆನ್ಸರ್ ಎರಡು ಬೇಕೇ ಬೇಕು. ಅದು ಕೆಡೋ ಗುರುತು: ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟು, ಅರ್ಧ ತಾಸು ಓಡಿ ಕಾದ ಮ್ಯಾಲ ಬಂದ್, ನೆರಳಾಗ 20 ನಿಮಿಷ ನಿಂತ್ರ ಮತ್ತ ಸ್ಟಾರ್ಟು. ಪಾಯಿಂಟಿನ ಮುಖ ಕರ್ರಗ ಸುಟ್ಟಿರ್ತೈತಿ. ಜನ ಕಾರ್ಬೊರೇಟರ್ ಬಿಚ್ಚಕೋತ ಕುಂಡ್ರತಾರ, ತಪ್ಪು ಅಲ್ಲಿರಂಗಿಲ್ಲ.

ಉಳದದ್ದು: ಪ್ರತಿ ಗಾಡಿಗೆ ಪ್ಲಗ್ 2, ಪ್ರತಿ ಮಾಡೆಲ್ಲಿಗೆ ಕ್ಲಚ್ ಕೇಬಲ್ ಎಕ್ಸಲೇಟರ್ ಕೇಬಲ್ ಒಂದೊಂದು, ಸ್ಕ್ರೂ ನಿಪ್ಪಲ್ 6, ಚೈನ್ ಲಾಕ್ ಮಾಡೆಲ್ಲಿಗೆ 2, ಹಳೇ ಯೆಜ್ಡಿಗೆ 6 ವೋಲ್ಟಿನ ಬಲ್ಬು (ಹಳ್ಳಿ ಅಂಗಡ್ಯಾಗ ಸಿಗಂಗಿಲ್ಲ), ಬೈಂಡಿಂಗ್ ವೈರು, ಸೈಕಲ್ ಟ್ಯೂಬಿನ ಪಟ್ಟಿ. ಬುಲೆಟ್‌ಗೆ ತಣ್ಣಗಿದ್ದಾಗ ಟ್ಯಾಪೆಟ್ ನೋಡ್ರಿ, ಪುಶ್‌ರಾಡ್ ಬೆರಳಿನ್ಯಾಗ ಸಲೀಸಾಗಿ ತಿರುಗಬೇಕು, ಮ್ಯಾಲ-ಕೆಳಗ ಆಡಬಾರದು. ಮತ್ತ ಆ ಬುಲೆಟ್ ಗೇರು ಬಲಗಡಿ, ಬ್ರೇಕು ಎಡಗಡಿ ಇದ್ರ, ದಾರ್ಯಾಗ ಖುಷಿಗೆ ಗಾಡಿ ಅದಲಿ-ಬದಲಿ ಮಾಡಬ್ಯಾಡ್ರಿ. ಆರ್‌ಎಕ್ಸ್ ಹೊಡೆಯೋ ಕಾಲು ಗಾಬರ್ಯಾಗ ಬ್ರೇಕ್ ಅಂತ ಗೇರ್ ಒತ್ತತೈತಿ.

ಓಡೋವಾಗ ಎಂಜಿನ್ ಸಪ್ಪಳ ಮಂಕಾಗಿ, ಯಾರೋ ಹಿಂದಿಂದ ಹಿಡದಂಗ ಅನಿಸಿದ್ರ ತಕ್ಷಣ ಕ್ಲಚ್ ಹಿಡೀರಿ. ಅದು ಪಿಸ್ಟನ್ ಹಿಡಿಯೋ ಮೊದಲ ಸೂಚನೆ. 20 ನಿಮಿಷ ಆರಬೇಕು, ಅಲ್ಲೀತನ ಕಿಕ್ ಬ್ಯಾಡ. ನೀರಂತೂ ಸುರೀಲೇಬ್ಯಾಡ್ರಿ, ಫಿನ್ನು ಬಿರೀತಾವು.

150ಎ_ಸಿಂಧನೂರು

ದಾರಿಯ ಬಗ್ಗೆ ನಾನು ಹೇಳುತ್ತೇನೆ. ನೀವು ಹಿಡಿಯುವುದು ರಾಷ್ಟ್ರೀಯ ಹೆದ್ದಾರಿ 150ಎ, ಬಳ್ಳಾರಿಯಿಂದ ಲಿಂಗಸುಗೂರಿಗೆ ಸುಮಾರು 150 ಕಿ.ಮೀ. ಹೊಸ ಗಾಡಿಗೆ ಮೂರು ತಾಸು. ನಿಮ್ಮ ಗುಂಪಿಗೆ ಐದೂವರೆ ತಾಸು ಇಟ್ಟುಕೊಳ್ಳಿ. 40-45 ಕಿ.ಮೀ.ಗೆ ಒಮ್ಮೆ 15 ನಿಮಿಷ ನೆರಳಲ್ಲಿ ನಿಲ್ಲಬೇಕು, ವೇಗ 55ರ ಮೇಲೆ ಬೇಡ. ಬೆಳಿಗ್ಗೆ 6ಕ್ಕೆ ಬಿಟ್ಟರೆ ಬಿಸಿಲು ಏರುವ ಮುಂಚೆ ತಲುಪುತ್ತೀರಿ.

ಎಲ್ಲಕ್ಕಿಂತ ನಿಧಾನದ ಗಾಡಿ, ಅಂದರೆ ಜಾವಾ, ಎರಡನೇ ಸ್ಥಾನದಲ್ಲಿರಲಿ. ಮುಂದಾಳು ಕನ್ನಡಿಯಲ್ಲಿ ಅದನ್ನೇ ನೋಡಿಕೊಂಡು ವೇಗ ಇಡಬೇಕು. ನಿಧಾನದ್ದನ್ನು ಹಿಂದೆ ಹಾಕಿದರೆ ಅದು ಗುಂಪನ್ನು ಹಿಡಿಯಲು ಪೂರ್ತಿ ಎಳೆಯುತ್ತದೆ, ಕಾಯುತ್ತದೆ, ನಿಲ್ಲುತ್ತದೆ. ಹಿಮಾಲಯನ್ ಕೊನೆಗೆ, ಅದರ ಮೇಲೆ ಟೂಲ್ ಪೆಟ್ಟಿಗೆ, ಪಂಪು. ಮುಖ್ಯರಸ್ತೆ ಬಿಟ್ಟು ಒಳಗೆ ತಿರುಗುವ ಕಡೆ ಮೂರನೆಯವರು ನಿಂತು ಕೈತೋರಿಸಿ, ಕೊನೆಯ ಗಾಡಿ ಬಂದ ಮೇಲೆ ಹೊರಡಬೇಕು. ಕೆರೆಯ ಕಡೆ ಹೋಗುವ ಹೊಲದ ದಾರಿಗಳು ಎಲ್ಲವೂ ಒಂದೇ ಥರ ಕಾಣುತ್ತವೆ.

ಭಾನುವಾರ ಸಂಜೆ ವಾಪಸ್ ಹೊರಡುವುದನ್ನು ದಯವಿಟ್ಟು ಕೈಬಿಡಿ. ಹತ್ತಿ, ಮೇವು ತುಂಬಿದ ಟ್ರ್ಯಾಕ್ಟರ್ ಟ್ರೇಲರುಗಳು ಹಿಂದೆ ಲೈಟಿಲ್ಲದೆ, ರಸ್ತೆಯ ಅರ್ಧ ಅಗಲ ಹಿಡಿದು ಹೋಗುತ್ತಿರುತ್ತವೆ. 6 ವೋಲ್ಟಿನ ಹೆಡ್‌ಲೈಟಿಗೆ ಅದು ಕಾಣುವಷ್ಟರಲ್ಲಿ ನೀವು ಅದರ ಕೆಳಗಿರುತ್ತೀರಿ. ಮೂರನೇ ರಾತ್ರಿಯೂ ಅಲ್ಲೇ ಮಲಗಿ ಸೋಮವಾರ ನಸುಕಿನ ಬೆಳಕಿಗೆ ಹೊರಡಿ.

ಆ ಕಾಲಕ್ಕೆ ಜೋಳ, ಕಡಲೆ ರಾಶಿ. ಒಳರಸ್ತೆಗಳಲ್ಲಿ ರಸ್ತೆಯ ಮೇಲೇ ಹರವಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಮಣಿಯ ಮೇಲೆ ಜಾರಿದ ಹಾಗೆ. ಹೊಟ್ಟು, ಕಡ್ಡಿ ಹಿಂದಿನ ಸ್ಪ್ರಾಕೆಟ್ಟಿಗೂ ಸೈಲೆನ್ಸರ್ ಬುಡಕ್ಕೂ ಸುತ್ತಿಕೊಳ್ಳುತ್ತದೆ. ಸೈಲೆನ್ಸರಿಗೆ ಸುತ್ತಿದ ಒಣ ಕಡ್ಡಿ ಹೊತ್ತಿಕೊಳ್ಳುತ್ತದೆ. ಹಾದು ಬಂದ ಮೇಲೆ ನಿಲ್ಲಿಸಿ ಕಿತ್ತು ಹಾಕಿ. ಒಕ್ಕುವವರ ಶ್ರಮ ಅದು, ಸಾಧ್ಯವಾದಷ್ಟು ಬದಿಯಿಂದ ಹೋಗಿ.

ಇನ್ನು ಬಳ್ಳಾರಿ ಜಾಲಿ. ಹೆಸರು ನಿಮ್ಮ ಊರಿನದು, ಮುಳ್ಳು ಎಲ್ಲಾ ಊರಿನದು. ಕೆರೆ ಏರಿ, ಹಳ್ಳದ ದಂಡೆ, ಖಾಲಿ ಜಾಗ ತುಂಬ ಅದೇ. ಗಟ್ಟಿ ಮುಳ್ಳು, ಟೈರಿನ ರಬ್ಬರ್ ದಾಟಿ ಒಳಗೆ ಮುರಿದು ನಿಲ್ಲುತ್ತದೆ. ಪಂಕ್ಚರ್ ಹಾಕುವಾಗ ಟ್ಯೂಬ್ ಮಾತ್ರ ನೋಡಿದರೆ ಹತ್ತು ಕಿಲೋಮೀಟರಿಗೆ ಮತ್ತೆ ಅದೇ ತೂತು. ಟೈರಿನ ಒಳಗೆ ಬಟ್ಟೆ ಸುತ್ತಿದ ಕೈಯಾಡಿಸಿ, ಬಟ್ಟೆ ಸಿಕ್ಕಿಕೊಂಡ ಕಡೆ ಮುಳ್ಳಿನ ತುದಿ ಇರುತ್ತದೆ, ಇಕ್ಕಳದಿಂದ ಒಳಗಿನಿಂದಲೇ ಕೀಳಿ. ಪ್ಯಾಚ್ 25, ಸಲ್ಯೂಷನ್ 3 ಟ್ಯೂಬು (ಒಮ್ಮೆ ಒಡೆದದ್ದು ಈ ಬಿಸಿಲಿಗೆ ಮಾರನೇ ದಿನಕ್ಕೆ ಒಣಗುತ್ತದೆ), ಟೈರ್ ಲಿವರ್ 3, ಕಾಲಿನ ಪಂಪು ಒಂದು. ಟ್ಯೂಬ್: ಆರ್‌ಎಕ್ಸ್‌ಗೆ ಮುಂದೆ 2.50-18, ಹಿಂದೆ 2.75-18, ಹಳೇ ಬುಲೆಟ್‌ಗೆ ಎರಡೂ 3.25-19. ಜಾವಾ, ಯೆಜ್ಡಿಗಳದ್ದು ಟೈರಿನ ಮೇಲೆ ಓದಿಕೊಂಡು ತನ್ನಿ. ಎಲ್ಲಾ ಟ್ಯೂಬಿಗೂ ಹೊರಡುವ ಮುಂಚೆ ಸೀಲಂಟ್ ದ್ರವ ಹಾಕಿಸಿಬಿಡಿ, ಅರ್ಧ ಪಂಕ್ಚರ್ ಕಮ್ಮಿ.

ಎರೆಹೊಲ (ಲಿಂಗಸುಗೂರು)

ಕೆರೆಯಂಗಳದಾಗ ಟೆಂಟ್ ಬ್ಯಾಡ. ಆ ಮಣ್ಣು ಎರೆ, ಅಂದರೆ ಕರಿ ಮಣ್ಣು. ಒಣಗಿದಾಗ ಬಿರುಕು ಬಿಡುತ್ತೆ, ಒಂದೊಂದು ಬಿರುಕಿನಾಗ ಅಂಗೈ ಹೋಗುತ್ತೆ. ಚೇಳು, ಹಾವು ಹಗಲು ಬಿಸಿಲಿಗೆ ಇರೋದೇ ಅಲ್ಲಿ. ಟೆಂಟಿನ ಗೂಟ ಮೇಲಿನ ಹೆಂಟೆಯಲ್ಲಿ ನಿಲ್ಲುತ್ತೆ ಅನಿಸುತ್ತೆ, ರಾತ್ರಿ ಗಾಳಿ ಬಂದರೆ ಹೆಂಟೆ ಸಮೇತ ಕಿತ್ತು ಬರುತ್ತೆ. ಹೋಗಲಿ, ಅಕಾಲದಾಗ ಅರ್ಧ ತಾಸು ಮಳೆ ಬಂದರೆ? ಎರೆ ಅಂಟಾಗುತ್ತೆ, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿ ಚಕ್ರ ತಿರುಗೋದೇ ನಿಲ್ಲುತ್ತೆ. ತಳ್ಳಿದರೆ ಇನ್ನೂ ಅಂಟುತ್ತೆ. ಅಂಥ ಹೊತ್ತಿನಾಗ ಕಡ್ಡಿಯಿಂದ ಕೆರೆಯೋದಕ್ಕಿಂತ ಬಿಸಿಲು ಬಿದ್ದು ಮೇಲ್ಪದರ ಒಣಗೋತನಕ ಗಾಡಿ ಇದ್ದಲ್ಲೇ ಬಿಡೋದು ಒಳ್ಳೇದು.

ಏರಿಯ ಆಚೆ, ಎತ್ತರಕ್ಕೆ ಮಸಾರಿ ನೆಲ ಹುಡುಕಿ. ಕೆಂಪು ಮಣ್ಣು, ಸಣ್ಣ ಗರಸು. ನೀರು ನಿಲ್ಲಲ್ಲ, ಬಿರುಕಿಲ್ಲ. ಕಲ್ಲಿನ ಗುಂಡುಗಳ ಬುಡ, ಜಾಲಿ ಮೆಳೆಯ ಪಕ್ಕ ಬೇಡ. ಹೊಲದವರನ್ನ ಮುಖತಃ ಕೇಳಿ ಒಪ್ಪಿಗೆ ತಗೊಳ್ಳಿ. ಬೆಳೆ ತೆಗೆದ ಹೊಲ ಆದರೂ ಕೂಳೆ, ಮೇವು ಅವರ ದನಕ್ಕೆ ಬೇಕು.

ಅಂಗಡಿಯ ತೆಳ್ಳನೆ ಗೂಟ ಬಿಟ್ಟು, 8 ಮಿ.ಮೀ ಕಬ್ಬಿಣದ ಸಲಾಕೆ ಒಂದು ಅಡಿ ಉದ್ದಕ್ಕೆ ಕತ್ತರಿಸಿ, ತಲೆ ಬಗ್ಗಿಸಿ ತನ್ನಿ. ಟೆಂಟಿಗೆ 6ರಂತೆ. ಎಲ್ಲಾ ಹಿಮಾಲಯನ್ ಮೇಲೆ ಹೊರಬೇಕು, ಅದಕ್ಕೇ ಟೆಂಟ್ 5ಕ್ಕಿಂತ ಹೆಚ್ಚು ಬೇಡ, ಮೂವರಿಗೊಂದು ಸಾಕು. ಸ್ಟ್ಯಾಂಡಿನ ಕೆಳಗೆ ಇಡೋಕೆ ಅಂಗೈ ಅಗಲದ ಪರಸಿ ತುಂಡು ಅಥವಾ ಪ್ಲೈವುಡ್ ಗಾಡಿಗೊಂದು. ಬುಲೆಟ್ ರಾತ್ರಿಯಲ್ಲಿ ಒರಗಿ ಪಕ್ಕದ ಆರ್‌ಎಕ್ಸ್ ಮೇಲೆ ಬೀಳೋದು ಸ್ಟ್ಯಾಂಡ್ ಹೂತೇ.

ನೀರು: ಕುಡಿಯೋಕೆ ತಲೆಗೆ ದಿನಕ್ಕೆ 5 ಲೀಟರ್, ಅಡುಗೆ, ಮುಖ-ಕೈಗೆ ಇನ್ನು 5. 13 ಜನಕ್ಕೆ ದಿನಕ್ಕೆ 130, ಅಂದರೆ 20 ಲೀಟರಿನ ಕ್ಯಾನ್ 7. ಬಳ್ಳಾರಿಯಿಂದ ಹೊರೋದು ಬೇಡ, ಖಾಲಿ ಕ್ಯಾನ್ ಲಿಂಗಸುಗೂರಿನಲ್ಲೇ ಹೊಂದಿಸಿಕೊಂಡು ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ತುಂಬಿಸಿ, ನಾಣ್ಯ ಜೇಬಿನಲ್ಲಿರಲಿ. ಹೊಲದ ಬೋರಿನ ನೀರು ಕೈಕಾಲಿಗೆ ಸರಿ, ಕುಡಿಯೋಕೆ ಬೇಡ, ನಮ್ಮ ಕಡೆ ಫ್ಲೋರೈಡ್ ಜಾಸ್ತಿ.

ಊಟಕ್ಕೆ ಕಟಕ ರೊಟ್ಟಿ (ಒಣಗಿಸಿದ ಜೋಳದ ರೊಟ್ಟಿ) ಒಯ್ಯಿರಿ, ತಲೆಗೆ ದಿನಕ್ಕೆ 5. ತಿಂಗಳಾದರೂ ಕೆಡಲ್ಲ, ತೂಕ ಇಲ್ಲ, ಒಲೆ ಬೇಡ. ಶೇಂಗಾ ಪುಡಿ, ಗುರೆಳ್ಳು ಪುಡಿ, ಮೊಸರು ಊರಿನಲ್ಲಿ. ಒಲೆ ಹಚ್ಚೋದು ಚಹಾಕ್ಕೆ, ಅನ್ನಕ್ಕೆ ಮಾತ್ರ. ಒಲೆಯ ಸುತ್ತ ಆರು ಹೆಜ್ಜೆ ಹುಲ್ಲು ಕೆತ್ತಿ, ಪೆಟ್ರೋಲ್ ಕ್ಯಾನ್ ಮೂವತ್ತು ಹೆಜ್ಜೆ ದೂರ, ಒಲೆಗೆ ಗಾಳಿ ಬರೋ ಕಡೆಗೂ ಅಲ್ಲ, ಹೋಗೋ ಕಡೆಗೂ ಅಲ್ಲ, ಪಕ್ಕಕ್ಕೆ. ಕಾದ ಸೈಲೆನ್ಸರನ್ನ ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ. ಬೆಂಕಿ ಆರಿಸೋ ಎರಡು ಕೆಜಿ ಪೌಡರ್ ಸಿಲಿಂಡರ್ ಒಂದು ಕಡ್ಡಾಯ ಅಂತ ತಿಳ್ಕೊಳ್ಳಿ.

ಬೂಟು, ಹೆಲ್ಮೆಟ್, ಗ್ಲೌಸ್ ಟೆಂಟಿನ ಒಳಗಿರಲಿ, ಬೆಳಿಗ್ಗೆ ಕೊಡವಿ ಹಾಕಿ. ಹಾವು ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ಆ ಕಾಲು-ಕೈ ಅಲುಗಿಸದೆ 108ಕ್ಕೆ ಹೇಳಿ ಆಸ್ಪತ್ರೆಗೆ. ಶುಕ್ರವಾರ ಲಿಂಗಸುಗೂರು ದಾಟುವಾಗಲೇ ತಾಲೂಕು ಆಸ್ಪತ್ರೆ ಎಲ್ಲಿದೆ ಅಂತ ಇಬ್ಬರು ನೋಡಿಟ್ಟುಕೊಳ್ಳಿ.

ಕೆಎ34_ರೋಡ್‌ಕಿಂಗ್ (ಬಳ್ಳಾರಿ)

ತುಂಬಾ ಉಪಕಾರ ಆಯ್ತು. ಸೋಮವಾರ ಬೆಳಿಗ್ಗೆ ವಾಪಸ್ ಅಂತ ಎಲ್ಲರೂ ಒಪ್ಪಿದ್ದಾರೆ. ಮಸಾರಿ ಜಾಗಕ್ಕೆ ಹಿಂದಿನ ವಾರವೇ ಇಬ್ಬರನ್ನು ಕಳಿಸ್ತೀವಿ. ರೇಸಿಗೆ ಇಳಿಯೋ ಮೂರು ಗಾಡಿಗೆ ಅಲ್ಲಿ ಏನೇನು ಬಿಚ್ಚಬೇಕು, ಕಾಗದ-ಪತ್ರ ಏನಿರಬೇಕು ಅಂತ ಯಾರಾದರೂ ಹೇಳ್ತೀರಾ?

ಡರ್ಟ್‌ಓವಲ್_ರಾಯಚೂರು

ಕಾಗದದಿಂದ ಶುರು ಮಾಡುತ್ತೇನೆ, ಎಲ್ಲರೂ ಕೊನೆಗೆ ನೋಡುವುದು ಅದನ್ನೇ. 15 ವರ್ಷ ದಾಟಿದ ಗಾಡಿಯ ಆರ್‌ಸಿ 5 ವರ್ಷಕ್ಕೊಮ್ಮೆ ನವೀಕರಣ ಆಗಿರಬೇಕು. ಜಾವಾದ ಆರ್‌ಸಿ ಬಿಡಿಸಿ ಓದಿ: 50 ವರ್ಷ ದಾಟಿದ ಗಾಡಿಗಳಿಗೆ 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಿದ್ದರೆ ನಂಬರಿನಲ್ಲಿ ‘ವಿಎ’ ಇರುತ್ತದೆ, ಅದನ್ನು ಪ್ರದರ್ಶನ, ವಿಂಟೇಜ್ ರ್ಯಾಲಿ, ಪೆಟ್ರೋಲ್, ರಿಪೇರಿಯಂಥ ಕೆಲಸಕ್ಕೆ ಬಿಟ್ಟು ರಸ್ತೆಗೆ ತರುವಂತಿಲ್ಲ. ಸಾಮಾನ್ಯ ಕೆಎ ನಂಬರಿದ್ದರೆ ತೊಂದರೆಯಿಲ್ಲ.

ವಿಮೆ: ಬೈಕಿನ ಸಾಮಾನ್ಯ ಪಾಲಿಸಿಯಲ್ಲಿ ರೇಸ್, ವೇಗ ಪರೀಕ್ಷೆ ಹೊರಗಿಟ್ಟಿರುತ್ತಾರೆ. ಅಂಗಳದೊಳಗೆ ಬಿದ್ದರೆ ಅದು ನಿಮ್ಮ ಖರ್ಚು. ಸಂಘಟಕರು ರೇಸ್ ಮಾಡುವವರಿಗೆ ಬೇರೆ ಅಪಘಾತ ವಿಮೆ ಮಾಡಿಸಿದ್ದಾರಾ, ಆಂಬುಲೆನ್ಸ್ ಅಂಗಳದ ಪಕ್ಕದಲ್ಲೇ ನಿಲ್ಲುತ್ತದಾ ಎಂದು ಶುಲ್ಕ ಕಟ್ಟುವ ಮೊದಲು ಕೇಳಿ. ಎರಡಕ್ಕೂ ಸರಿಯಾದ ಉತ್ತರ ಬರದಿದ್ದರೆ ಪ್ರೇಕ್ಷಕರಾಗಿಯೇ ಇರಿ. ಎಫ್‌ಎಂಎಸ್‌ಸಿಐ (ದೇಶದ ಮೋಟಾರು ಕ್ರೀಡಾ ಕ್ಲಬ್‌ಗಳ ಒಕ್ಕೂಟ) ಅನುಮತಿಯ ರೇಸಾದರೆ ಸವಾರನಿಗೆ ಅವರ ಲೈಸೆನ್ಸ್ ಬೇಕು.

ಗಾಡಿ: ಹೆಡ್‌ಲೈಟ್, ಇಂಡಿಕೇಟರ್, ಕನ್ನಡಿ, ನಂಬರ್ ಪ್ಲೇಟ್, ಸೈಡ್ ಸ್ಟ್ಯಾಂಡ್, ಸೆಂಟರ್ ಸ್ಟ್ಯಾಂಡ್ ಬಿಚ್ಚಬೇಕು. ಗಾಜು ಬಿಚ್ಚಲಾಗದಿದ್ದರೆ ಪೂರ್ತಿ ಟೇಪ್ ಸುತ್ತಿ. ಬಿಚ್ಚಿದ ನಟ್ಟು-ಬೋಲ್ಟು ಗಾಡಿಗೊಂದು ಡಬ್ಬಿಯಲ್ಲಿ ಹೆಸರು ಬರೆದಿಡಿ, ಸೋಮವಾರ ನಸುಕಿನಲ್ಲಿ ಅದೇ ಲೈಟು ಬೇಕು, ಭಾನುವಾರ ಸಂಜೆಯೇ ಕೂಡಿಸಿ ಹಚ್ಚಿ ನೋಡಿ. ಗೇರ್ ಆಯಿಲಿನ ಡ್ರೈನ್ ಬೋಲ್ಟಿನ ತಲೆಗೆ ಸಣ್ಣ ತೂತು ಹೊಡೆದು ತಂತಿ ಕಟ್ಟಿ. ಕೆಳಗೆ ಬಿದ್ದರೆ ಎಂಜಿನ್ ಬಂದ್ ಆಗುವಂತೆ ಮಣಿಕಟ್ಟಿಗೆ ಕಟ್ಟುವ ಕಿಲ್ ಸ್ವಿಚ್ ಹಾಕಿಸಿ. ಆ್ಯಕ್ಸಿಲರೇಟರ್ ಬಿಟ್ಟ ಕೂಡಲೇ ಹ್ಯಾಂಡಲ್ ಎರಡು ತುದಿಗೂ ತಿರುಗಿಸಿದಾಗ ಸಹ ತಾನಾಗಿ ಹಿಂದೆ ಬರಬೇಕು, ಪರಿಶೀಲನೆಯಲ್ಲಿ ಇದನ್ನೇ ಮೊದಲು ಹಿಡಿಯುತ್ತಾರೆ.

ಗಾಳಿ: ಮಣ್ಣಿಗೆ 18-20 ಪಿಎಸ್‌ಐ. ಇನ್ನೂ ಇಳಿಸಿದರೆ ಟೈರು ರಿಮ್ಮಿನ ಮೇಲೆ ಜರುಗುತ್ತದೆ, ಟ್ಯೂಬೂ ಜೊತೆಗೆ ಎಳೆದು ವಾಲ್ವ್ ಬುಡ ಕಿತ್ತುಹೋಗುತ್ತದೆ. ಅದಕ್ಕೆ ಪ್ಯಾಚಿಲ್ಲ. ವಾಲ್ವಿನ ಪಕ್ಕ ಟೈರಿಗೂ ರಿಮ್ಮಿಗೂ ಸೇರಿಸಿ ಬಿಳಿ ಬಣ್ಣದ ಗೀಟು ಎಳೆಯಿರಿ, ಪ್ರತಿ ಓಟದ ನಂತರ ನೋಡಿ. ಗೀಟು ಮುರಿದಿದ್ದರೆ ಟೈರು ಜರುಗಿದೆ.

ಧೂಳು ಎಂಜಿನ್ನಿನ ಶತ್ರು. ಎರೆಯ ಧೂಳು ಹಿಟ್ಟಿನ ಹಾಗೆ. ಆರ್‌ಎಕ್ಸ್‌ಗೆ ಫೋಮ್ ಫಿಲ್ಟರ್ ಎರಡೆರಡು ಒಯ್ಯಿರಿ, ಆಯಿಲಿನಲ್ಲಿ ಅದ್ದಿ ಹಿಂಡಿ ಹಾಕಿ, ಪ್ರತಿ ಓಟಕ್ಕೆ ಬದಲಿಸಿ. ಹೆಚ್ಚು ವೇಗ ಬರಲಿ ಎಂದು ಫಿಲ್ಟರ್ ತೆಗೆದು ಓಡಿಸುವವರ ಪಿಸ್ಟನ್ ರಿಂಗ್ ಒಂದೇ ವಾರಾಂತ್ಯಕ್ಕೆ ಸವೆದುಹೋಗಬಹುದು, ಮಿಶ್ರಣವೂ ತೆಳ್ಳಗಾಗುತ್ತದೆ. ಅಂಗಳಕ್ಕೆ ಟ್ಯಾಂಕರಿನಲ್ಲಿ ನೀರು ಹೊಡೆದು ರೋಲರ್ ಎಳೆಸಿದ್ದಾರಾ, ಬಿರುಕು ಮುಚ್ಚಿದ್ದಾರಾ ಎಂದು ಶನಿವಾರ ಬೆಳಿಗ್ಗೆ ನಡೆದು ನೋಡಿ. ಆರ್‌ಎಕ್ಸ್‌ನ ಮುಂದಿನ ಟೈರು ಸಣ್ಣದು, ಓಡುವ ದಿಕ್ಕಿಗೇ ಬಿರುಕಿದ್ದರೆ ಅದರೊಳಗೆ ಸಿಕ್ಕಿ ಹ್ಯಾಂಡಲ್ ಕಿತ್ತುಕೊಳ್ಳುತ್ತದೆ.

ಪಾಯಿಂಟ್‌ಸೆಟ್_ಗಂಗಾವತಿ

ಸೀಲಂಟ್ ಬಗ್ಗೆ ಒಂದು ಮಾತು, ಸಿಂಧನೂರಿನ ಅಣ್ಣಾರು ಬ್ಯಾಸರ ಮಾಡ್ಕೊಬಾರ್ದು. ಮುಳ್ಳಿನ ಸಣ್ಣ ತೂತಿಗೆ ಅದು ನಡೀತೈತಿ, ಖರೇ. ಆದ್ರ ತೂತು ಸೀಳಿದ್ರ ದ್ರವ ಹೊರಗ ಬಂದು ಟ್ಯೂಬೆಲ್ಲಾ ಜಿಡ್ಡು, ಆಮ್ಯಾಲ ಪ್ಯಾಚ್ ಕುಂಡ್ರಂಗಿಲ್ಲ. ರೋಡಿಗಷ್ಟ ಬಂದ ಎಂಟು ಗಾಡಿಗೆ ಹಾಕ್ಸ್ರಿ, ರೇಸ್ ಗಾಡಿ ಮೂರಕ್ಕ ಬ್ಯಾಡ. ಹಾಕಿಸಿದ ಟ್ಯೂಬ್ ಒಡದ್ರ, ತೂತಿನ ಸುತ್ತ ಎರಡು ಬೆರಳು ಅಗಲ ಸೋಪಿನ ನೀರಿನ್ಯಾಗ ತೊಳದು, ಒರಸಿ, ಪೆಟ್ರೋಲ್ ಬಟ್ಟಿಯಿಂದ ಒರಸಿ, ಮರಳುಕಾಗದ ತಿಕ್ಕಿ, ಸಲ್ಯೂಷನ್ ಹಚ್ಚಿ ಐದು ನಿಮಿಷ ನೆರಳಾಗ ಆರಲಿ, ಆಮ್ಯಾಲ ಪ್ಯಾಚ್. ಒರಸಾಕ ಆಯಿಲ್ ಕಲಸಿದ ಪೆಟ್ರೋಲ್ ತಗೋಬ್ಯಾಡ್ರಿ, ಬುಲೆಟ್ ಟ್ಯಾಂಕಿಂದ ತಗೋರಿ.